ಫೋನೆತ್ತುವ ಮಗಳು

ನ್ಯೂಜೆರ್ಸಿಯ ಆ ಸಣ್ಣ ಡ್ರೈಕ್ಲೀನಿಂಗ್ ಅಂಗಡಿಗೆ ಫೋನ್ ಮಾಡಿದ ಗಿರಾಕಿಗಳಿಗೆ, ಆ ಕಡೆಯಿಂದ ಮಾತಾಡುತ್ತಿದ್ದವಳು ಯಾರೆಂದು ಗೊತ್ತಿದ್ದಿರಲಾರದು. ಆಕೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದುತ್ತಿದ್ದ ಹುಡುಗಿ. ಅಂಗಡಿ ಅಪ್ಪ-ಅಮ್ಮನದು. ಚೀನಾದಿಂದ ಬಂದು ಕೆಲವೇ ವರ್ಷಗಳಾಗಿದ್ದ ಅವರಿಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಹಾಗಾಗಿ ಗಿರಾಕಿಗಳ ಫೋನು, ಬಿಲ್ಲಿನ ಲೆಕ್ಕ, ತಪಾಸಣೆಗೆ ಬರುವ ಅಧಿಕಾರಿಗಳ ಜೊತೆಗಿನ ಮಾತುಕತೆ ಎಲ್ಲವೂ ಮಗಳ ಪಾಲಿನದು. ವಾರದ ದಿನಗಳಲ್ಲಿ ಹಾಸ್ಟೆಲಿನಿಂದ ಫೋನು, ಶನಿವಾರ ಭಾನುವಾರ ಬಂದರೆ ಅಂಗಡಿಯ ಕೌಂಟರು. ಪಿಎಚ್‌ಡಿ ಮಾಡಲು ಕ್ಯಾಲಿಫೋರ್ನಿಯಾಕ್ಕೆ ಹೋದ ಮೇಲೂ, ದೇಶದ ಆ ತುದಿಯಲ್ಲಿ ಕೂತು ಈ ತುದಿಯ ವ್ಯಾಪಾರವನ್ನು ಆಕೆ ಫೋನಿನಲ್ಲೇ ನೋಡಿಕೊಂಡಳು. ಹೀಗೆ ಸುಮಾರು ಏಳು ವರ್ಷ.

ಆ ಹುಡುಗಿಯ ಹೆಸರು ಫೇಫೇ ಲೀ. ಕಂಪ್ಯೂಟರ್ ವಿಜ್ಞಾನ ಬಲ್ಲವರಿಗೆ ಇಂದು ಆ ಹೆಸರನ್ನು ಪರಿಚಯಿಸಬೇಕಾಗಿಲ್ಲ. 2009ರಲ್ಲಿ ಅವರ ತಂಡ ಹೊರತಂದ ಇಮೇಜ್‌ನೆಟ್ ಎಂಬ ಚಿತ್ರಸಂಗ್ರಹ ಬೆಳೆಯುತ್ತಾ ಹೋಗಿ 1.4 ಕೋಟಿ ಚಿತ್ರಗಳನ್ನು ದಾಟಿತು. ಅವೆಲ್ಲ ಸುಮಾರು 22 ಸಾವಿರ ಬಗೆಗಳಲ್ಲಿ ವಿಂಗಡಣೆಯಾಗಿದ್ದವು. 2012ರಲ್ಲಿ ಟೊರಾಂಟೊದ ಸಂಶೋಧಕರು ಇದೇ ಸಂಗ್ರಹದ ಮೇಲೆ ಪಳಗಿಸಿದ ಗಣಕ ಜಾಲ, ಈಗ ಎಲ್ಲರ ಬಾಯಲ್ಲಿರುವ ಕೃತಕ ಬುದ್ಧಿಮತ್ತೆಗೆ ದಾರಿ ತೆರೆಯಿತು. ಇದು ಪತ್ರಿಕೆಗಳು ಮತ್ತೆ ಮತ್ತೆ ಬರೆದ ಕಥೆ. ಆದರೆ ಲೀ 2023ರಲ್ಲಿ ಪ್ರಕಟಿಸಿದ 'ದಿ ವರ್ಲ್ಡ್ಸ್ ಐ ಸೀ' ಎಂಬ ನೆನಪಿನ ಪುಸ್ತಕದಲ್ಲಿ ವಿಜ್ಞಾನದ ಪಕ್ಕದಲ್ಲೇ ಇನ್ನೊಂದು ಕಥೆಯೂ ನಡೆಯುತ್ತದೆ. ಪರದೇಶದಲ್ಲಿ ಒಂದು ಮನೆ ನಿಲ್ಲಬೇಕಾದರೆ ಆ ಮನೆಯ ಮಗು ಏನೇನು ಹೊರಬೇಕಾಗುತ್ತದೆ ಎಂಬ ಕಥೆ ಅದು. ಓದಿ ಮುಗಿಸಿದ ಮೇಲೆ ಮನಸ್ಸಿನಲ್ಲಿ ಹೆಚ್ಚು ಕಾಲ ನಿಲ್ಲುವುದೂ ಅದೇ.

ಲೀ ಹುಟ್ಟಿದ್ದು 1976ರಲ್ಲಿ, ಬೀಜಿಂಗ್‌ನಲ್ಲಿ. ಬೆಳೆದದ್ದು ಚೆಂಗ್ಡು ನಗರದಲ್ಲಿ. 12 ವರ್ಷದವಳಿದ್ದಾಗ ಅಪ್ಪ ಒಬ್ಬರೇ ಅಮೆರಿಕಕ್ಕೆ ಹೋದರು. 1992ರಲ್ಲಿ ತಾಯಿ-ಮಗಳು ಅವರನ್ನು ಸೇರಿಕೊಂಡಾಗ ಹುಡುಗಿಗೆ 15. ನ್ಯೂಜೆರ್ಸಿಯ ಪಾರ್ಸಿಪನಿಯಲ್ಲಿ ಬಾಡಿಗೆ ಮನೆ. ಅಪ್ಪನಿಗೆ ಕ್ಯಾಮೆರಾ ರಿಪೇರಿಯ ಕೆಲಸ, ಅಮ್ಮನಿಗೆ ಅಂಗಡಿಯೊಂದರಲ್ಲಿ ಗಲ್ಲಾ ನೋಡಿಕೊಳ್ಳುವ ಕೆಲಸ. ಇಬ್ಬರೂ ಓದಿದವರು. ಆದರೆ ಅವರ ಓದು, ತಿಳಿವಳಿಕೆ, ಊರಿನಲ್ಲಿ ಗಳಿಸಿದ್ದ ಮರ್ಯಾದೆ ಯಾವುದೂ ಅಲ್ಲಿ ಚಲಾವಣೆಯಾಗಲಿಲ್ಲ. ಹುಡುಗಿ ಹಗಲು ಹೈಸ್ಕೂಲಿಗೆ ಹೋದಳು. ಉಳಿದ ಹೊತ್ತಿನಲ್ಲಿ ಚೀನೀ ಹೋಟೆಲಿನಲ್ಲಿ ದುಡಿದಳು, ಬೇರೆಯವರ ಮನೆ ಗುಡಿಸಿ ಒರೆಸಿದಳು, ನಾಯಿಗಳನ್ನು ಸುತ್ತಾಡಿಸಿದಳು.

ಎಲ್ಲವೂ ಕಷ್ಟದ ಪಟ್ಟಿಯೇ ಆಗಿರಲಿಲ್ಲ. ಬೇಡದ ಸಾಮಾನನ್ನು ಅಂಗಳದಲ್ಲಿ ಹರವಿ ಮಾರುವ ಗ್ಯಾರೇಜ್ ಸೇಲ್ ಎಂದರೆ ಅಪ್ಪನಿಗೆ ಪ್ರಾಣ. ಮಗಳನ್ನೂ ಕರೆದುಕೊಂಡು ಊರೆಲ್ಲ ಸುತ್ತುತ್ತಿದ್ದರು. ಹಳೆಯ ಸಾಮಾನುಗಳ ನಡುವೆ ಅಪ್ಪ ಮಗುವಾಗಿಬಿಡುವ ಆ ದೃಶ್ಯಗಳು ಪುಸ್ತಕದ ಅತ್ಯಂತ ಹಗುರವಾದ, ಅಷ್ಟೇ ಪ್ರೀತಿಯ ಪುಟಗಳು. ಮನೆಯ ಭಾರ ಹೊತ್ತ ಮಕ್ಕಳ ಬಗ್ಗೆ ಬರೆಯುವಾಗ ಇಂಥ ನಗುವನ್ನು ಬಿಟ್ಟರೆ ಚಿತ್ರ ಸುಳ್ಳಾಗುತ್ತದೆ.

ಅಮ್ಮನಿಗೆ ಹೃದಯದ ಕಾಯಿಲೆ. ಮತ್ತೆ ಮತ್ತೆ ಆಸ್ಪತ್ರೆ. ವೈದ್ಯರು ಹೇಳಿದ್ದನ್ನು ಅಮ್ಮನಿಗೆ ಚೀನೀ ಭಾಷೆಯಲ್ಲಿ ತಿಳಿಸುವುದು, ಅಮ್ಮ ಹೇಳಿದ ನೋವನ್ನು ವೈದ್ಯರಿಗೆ ಇಂಗ್ಲಿಷಿನಲ್ಲಿ ಮುಟ್ಟಿಸುವುದು ಮಗಳ ಕೆಲಸವಾಯಿತು. ಕಾಯಿಲೆಯ ಸುದ್ದಿ ಮನೆಗೆ ಬರುವಾಗ ಮೊದಲು ತಿಳಿಯಬೇಕಾದ್ದು ದೊಡ್ಡವರಿಗೆ. ಮಕ್ಕಳಿಗೆ ಎಷ್ಟು ಹೇಳಬೇಕು, ಯಾವಾಗ ಹೇಳಬೇಕು ಎಂದು ಅವರು ತೀರ್ಮಾನಿಸುತ್ತಾರೆ. ಇಲ್ಲಿ ಅದು ತಿರುವುಮುರುವು. ಮೊದಲು ಕೇಳಿಸಿಕೊಳ್ಳುವವಳು ಮಗಳು. ಅಮ್ಮನ ಮುಖ ನೋಡುತ್ತಾ ಅದನ್ನು ಹೇಗೆ ಹೇಳಲಿ ಎಂದು ಯೋಚಿಸುವವಳೂ ಅವಳೇ.

ಹುಡುಗಿ ಹೋಗುತ್ತಿದ್ದ ಹೈಸ್ಕೂಲಿನಲ್ಲಿ ಬಾಬ್ ಸಬೆಲ್ಲಾ ಎಂಬ ಗಣಿತದ ಮೇಷ್ಟ್ರಿದ್ದರು. ಹುಡುಗಿಗೆ ಬೇಕಿದ್ದ ಮೇಲ್ಮಟ್ಟದ ಕಲನಶಾಸ್ತ್ರದ ತರಗತಿ ಆ ಶಾಲೆಯಲ್ಲಿರಲಿಲ್ಲ. ಸಬೆಲ್ಲಾ ತಮ್ಮ ಊಟದ ವಿರಾಮ ಬಿಟ್ಟುಕೊಟ್ಟು ಅವಳೊಬ್ಬಳಿಗೇ ಪಾಠ ಹೇಳಿದರು. ಪಾಠದ ನಡುವೆ ಮನೆಯ ಸುಖದುಃಖ ಕೇಳಿದರು. ಮುಂದೆ ಅಂಗಡಿ ಕೊಳ್ಳುವಾಗ ಹಣ ಸಾಲದೆ ಬಂದಾಗ ಸಾಲ ಕೊಟ್ಟವರೂ ಅವರೇ. ಊರಿಗೆಲ್ಲ ಮನೆಯವರ ಪರವಾಗಿ ಮಾತಾಡುವ ಹುಡುಗಿಗೆ, ತನ್ನ ಪರವಾಗಿ ಮಾತಾಡಲು ಒಬ್ಬ ದೊಡ್ಡವರು ಸಿಕ್ಕರು. ಲೀ ಅವರ ಪುಸ್ತಕದಲ್ಲಿ ಈ ಮೇಷ್ಟ್ರಿಗೆ ಸಿಕ್ಕಿರುವ ಜಾಗ ಯಾವ ದೊಡ್ಡ ವಿಜ್ಞಾನಿಗೂ ಕಡಿಮೆಯದಲ್ಲ.

ಡ್ರೈಕ್ಲೀನಿಂಗ್ ಅಂಗಡಿ ಅಂದರೆ ಬಟ್ಟೆ ತೆಗೆದುಕೊಂಡು ಶುಚಿ ಮಾಡಿ ಕೊಡುವುದು, ಅಷ್ಟೇ ತಾನೆ ಅನ್ನಿಸಬಹುದು. ಕೌಂಟರಿನ ಹಿಂದೆ ನಿಂತವರಿಗೆ ಗೊತ್ತು. ಬಟ್ಟೆ ಬಂದ ಕೂಡಲೇ ಜೇಬುಗಳನ್ನು ತಡಕಬೇಕು. ಕಲೆ ಎಲ್ಲಿದೆ, ಯಾವುದರಿಂದಾಯಿತು, ಗುಂಡಿ ಬಿದ್ದಿದೆಯೇ, ಅಸ್ತರು ಹರಿದಿದೆಯೇ ಎಂದು ಗಿರಾಕಿಯ ಎದುರಿಗೇ ನೋಡಿ ಚೀಟಿಯಲ್ಲಿ ಬರೆದುಕೊಳ್ಳಬೇಕು. ನಂಬರಿನ ಪಟ್ಟಿ ಸಿಕ್ಕಿಸಬೇಕು. ಇಲ್ಲವಾದರೆ ಮೊದಲೇ ಇದ್ದ ತೂತು ಅಂಗಡಿಯವರ ತಲೆಗೆ ಬರುತ್ತದೆ. ಈ ವ್ಯಾಪಾರದಲ್ಲಿ ಬಹಳ ಕಾಲ ಬಳಕೆಯಲ್ಲಿದ್ದ ಪರ್ಕ್ಲೋರೋಎಥಿಲೀನ್ ಎಂಬ ದ್ರಾವಕ ಆರೋಗ್ಯಕ್ಕೆ ಕೆಟ್ಟದ್ದೆಂದು 1993ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅದಕ್ಕೆ ರಾಷ್ಟ್ರಮಟ್ಟದ ನಿಯಮಗಳನ್ನು ತಂದಿತ್ತು. ಆ ದ್ರಾವಕ ಬಳಸುವ ಅಂಗಡಿಗಳು ಯಂತ್ರದ ಸೋರಿಕೆಯನ್ನು ಆಗಾಗ ಪರೀಕ್ಷಿಸಬೇಕು, ದಾಖಲೆ ಇಡಬೇಕು, ಕೇಳಿದಾಗ ತೋರಿಸಬೇಕು. ಮಾತು, ಬರಹ, ಕಾನೂನು ಮೂರೂ ಬೇಕಾದ ಕೆಲಸ. ಯಂತ್ರ ನಡೆಸಲು ಅಪ್ಪನ ಕೈ ಸಾಕು, ಆದರೆ ತಪಾಸಣೆಗೆ ಬಂದವರ ಪ್ರಶ್ನೆಗೆ ಉತ್ತರ ಹೇಳಲು ಮಗಳು ಬೇಕು.

ತಾನು ಆ ಅಂಗಡಿಯ ಮುಖ್ಯಸ್ಥೆಯಾಗಿದ್ದೆ ಎಂದು ಲೀ ಸಂದರ್ಶನಗಳಲ್ಲಿ ನಗುತ್ತಾ ಹೇಳಿಕೊಂಡಿದ್ದಾರೆ. ನಗುತ್ತಾ ಹೇಳಿದರೂ ಅದು ನಿಜವಾದ ಹುದ್ದೆ.

ಹೀಗೆ ಮನೆ ನಡೆಸುವ ಮಕ್ಕಳ ಕಥೆ ಸಾಮಾನ್ಯವಾಗಿ ಎರಡು ದಿಕ್ಕಿಗೆ ಹೋಗುತ್ತದೆ. ಒಂದೋ ಅಯ್ಯೋ ಪಾಪ ಎನ್ನುವುದು, ಇಲ್ಲವೇ ಎಂಥ ಸಾಹಸಿ ಎಂದು ಹೊಗಳುವುದು. ಎರಡರಲ್ಲೂ ಒಂದು ಮುಖ್ಯ ಸಂಗತಿ ಕಣ್ಣಿಗೆ ಬೀಳುವುದಿಲ್ಲ. ಹೊರಗಡೆ ಮಗು ಎಷ್ಟೇ ದೊಡ್ಡದಾದರೂ ಒಳಗಡೆ ಅದರ ದಾರಿಯನ್ನು ಯಾರು ತೀರ್ಮಾನಿಸುತ್ತಿದ್ದರು ಎಂಬುದು. ಪಿಎಚ್‌ಡಿಗಾಗಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ ಓದುವ ಕಾಲಕ್ಕೆ ಅಮ್ಮನ ಆರೋಗ್ಯ ಇನ್ನಷ್ಟು ಕೆಟ್ಟಿತು, ಹಣದ ಅಡಚಣೆ ಇದ್ದೇ ಇತ್ತು. ದೊಡ್ಡ ಸಲಹಾ ಕಂಪನಿಯೊಂದು ಕೈತುಂಬ ಸಂಬಳದ ಕೆಲಸ ಕೊಡಲು ಮುಂದೆ ಬಂತು. ಮಗಳು ಒಪ್ಪಿಕೊಳ್ಳುವ ಮನಸ್ಸು ಮಾಡಿದ್ದಳು. ತಡೆದದ್ದು ಅಮ್ಮ. ನಿನಗೆ ಬೇಕಾದ್ದು ಇದೇನಾ ಎಂದು ಕೇಳಿ, ವಿಜ್ಞಾನ ಬಿಡಬೇಡ ಎಂದರು. ಆಸ್ಪತ್ರೆಯಲ್ಲಿ ಮಗಳ ಮಾತಿಲ್ಲದೆ ಒಂದು ಹೆಜ್ಜೆ ಇಡಲಾಗದ ತಾಯಿ, ಮಗಳ ಬಾಳಿನ ವಿಷಯ ಬಂದಾಗ ತಾಯಿಯ ಜಾಗ ಬಿಟ್ಟುಕೊಡಲಿಲ್ಲ. ಆ ಮನೆ ಉಳಿದದ್ದು ಮಗಳ ದುಡಿಮೆಯಿಂದ. ಮಗಳು ಉಳಿದದ್ದು ಅಮ್ಮನ ಆ ಒಂದು ಹಟದಿಂದ.

ಲೀ ಅಮೆರಿಕಕ್ಕೆ ಬಂದ 1992ರಲ್ಲೇ ಸಮಾಜಶಾಸ್ತ್ರಜ್ಞರಾದ ಅಲೆಹಾಂದ್ರೊ ಪೋರ್ಟೆಸ್ ಮತ್ತು ರೂಬೆನ್ ರೂಂಬಾಟ್ ವಲಸಿಗರ ಮಕ್ಕಳ ಬಗ್ಗೆ ದೊಡ್ಡ ಅಧ್ಯಯನ ಶುರುಮಾಡಿದ್ದರು. ಮಯಾಮಿ ಸುತ್ತಮುತ್ತ ಮತ್ತು ಸ್ಯಾನ್ ಡಿಯಾಗೊದ ಶಾಲೆಗಳಲ್ಲಿ ಎಂಟು-ಒಂಬತ್ತನೆಯ ತರಗತಿಯ 5,262 ಮಕ್ಕಳು, 77 ದೇಶಗಳ ಮೂಲದವರು. ಸಂಶೋಧಕರು ಕಂಡುಕೊಂಡ ಮುಖ್ಯ ಸಂಗತಿಗಳಲ್ಲೊಂದು ಲೀ ಮನೆಯ ಕಥೆಗೆ ನೇರವಾಗಿ ಸಂಬಂಧಿಸಿದ್ದು. ಮಕ್ಕಳು ಹೊಸ ಭಾಷೆ ಕಲಿಯುತ್ತಾ ತಂದೆ-ತಾಯಿಯ ಭಾಷೆಯನ್ನು ಕಳೆದುಕೊಂಡು, ತಂದೆ-ತಾಯಿ ಇದ್ದಲ್ಲೇ ಉಳಿದರೆ ಮನೆಯಲ್ಲಿ ಮೇಲುಕೆಳಗು ಅದಲುಬದಲಾಗುತ್ತದೆ. ದೊಡ್ಡವರು ಮಕ್ಕಳನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ, ತಿದ್ದುವ ಬಲ ಕಳೆದುಕೊಳ್ಳುತ್ತಾರೆ. ಮನೆಮಾತು ಉಳಿಸಿಕೊಂಡೇ ಇಂಗ್ಲಿಷ್ ಕಲಿತ ಮಕ್ಕಳ ಮನೆಗಳಲ್ಲಿ ಈ ಬಿರುಕು ಕಡಿಮೆ. ಲೀ ಮತ್ತು ಅಮ್ಮನ ನಡುವೆ ಚೀನೀ ಭಾಷೆ ಉಳಿದಿತ್ತು. ಅಮ್ಮ ಗದರಲು, ಮಗಳು ಕೇಳಲು ಒಂದು ಭಾಷೆ ಇತ್ತು.

ಒಂದು ಶತಮಾನ ಹಿಂದಕ್ಕೆ ಹೋದರೆ ಇದೇ ಕಥೆಗೆ ಇನ್ನೊಂದು ಮಗ್ಗುಲು ಕಾಣುತ್ತದೆ. ಮೇರಿ ಆಂಟಿನ್ 1881ರಲ್ಲಿ, ಆಗಿನ ರಷ್ಯಾ ಸಾಮ್ರಾಜ್ಯದಲ್ಲಿದ್ದು ಈಗ ಬೆಲಾರೂಸ್‌ಗೆ ಸೇರಿರುವ ಪೊಲೋಟ್ಸ್ಕ್ ಪಟ್ಟಣದಲ್ಲಿ ಹುಟ್ಟಿದವರು. ಯೆಹೂದಿ ಕುಟುಂಬ. ಅಪ್ಪ 1891ರಲ್ಲಿ ಬಾಸ್ಟನ್‌ಗೆ ಹೋದರು. ಅಮ್ಮ ಮತ್ತು ಮಕ್ಕಳು ಹೊರಟದ್ದು 1894ರಲ್ಲಿ. 1912ರಲ್ಲಿ ಬಂದ ಆಂಟಿನ್ ಅವರ 'ದಿ ಪ್ರಾಮಿಸ್ಡ್ ಲ್ಯಾಂಡ್' ಅಮೆರಿಕದ ವಲಸಿಗರ ಆತ್ಮಕಥೆಗಳಲ್ಲಿ ಮೊದಲ ಸಾಲಿನದು. ಅದರಲ್ಲಿ ಅಪ್ಪ ತಾನೇ ಮಕ್ಕಳನ್ನು ಶಾಲೆಗೆ ಕರೆದುಕೊಂಡು ಹೋಗಿ, ಬಾರದ ಇಂಗ್ಲಿಷಿನಲ್ಲಿ ಮೇಡಂ ಎದುರು ನಿಂತು ಒಪ್ಪಿಸುವ ಪ್ರಸಂಗವಿದೆ. ವ್ಯಾಪಾರದಲ್ಲಿ ಕೈಸುಟ್ಟುಕೊಂಡ, ಹೊಸ ದೇಶದಲ್ಲಿ ಎಲ್ಲೂ ನೆಲೆ ಕಾಣದ ಮನುಷ್ಯನಿಗೆ ಆ ಸಪ್ಟೆಂಬರ್ ಬೆಳಗ್ಗೆ ದೊಡ್ಡ ಹಬ್ಬ.

ಆದರೆ ಶಾಲೆಗೆ ಹೋದವರಲ್ಲಿ ಹಿರಿಯ ಮಗಳು ಫ್ರೀಡಾ ಇರಲಿಲ್ಲ. ಮೇರಿಗಿಂತ ಸ್ವಲ್ಪವೇ ದೊಡ್ಡವಳು. ಅವಳನ್ನು ದುಡಿಮೆಗೆ ಹಚ್ಚಿದರು, ಹೊಲಿಗೆಯ ಕೆಲಸಕ್ಕೆ. ಮೇರಿ ಮತ್ತು ಚಿಕ್ಕ ತಂಗಿ ಶಾಲೆಯ ಮೊದಲ ದಿನ ತೊಟ್ಟ ಫ್ರಾಕುಗಳನ್ನು ಅಳತೆ ತೆಗೆದು ಹೊಲಿದವಳು ಫ್ರೀಡಾ. ಅಪ್ಪ ಮಕ್ಕಳಿಗೆ ಕೊಟ್ಟ ಮಾತು ನೆರವೇರಿದ ದಿನ ಅವಳ ಪಾಲಿಗೆ ಬಂದದ್ದು ಅದು. ಇಬ್ಬರೂ ಮನೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತು ಒಬ್ಬಳು ಶಾಲೆಯ ಕಡೆಗೆ, ಇನ್ನೊಬ್ಬಳು ದುಡಿಮೆಗೆ ಮುಖಮಾಡಿದ್ದನ್ನು ಮೇರಿ ಮರೆಮಾಚದೆ ಬರೆದಿದ್ದಾರೆ. ಬಡ ಕುಟುಂಬ ಎಲ್ಲ ಮಕ್ಕಳ ಮೇಲೂ ಸಮನಾಗಿ ಹಣ ಹೂಡಲಾರದು. ಒಬ್ಬರನ್ನು ಆರಿಸಿಕೊಳ್ಳುತ್ತದೆ. ಇನ್ನೊಬ್ಬರು ಅದರ ಬೆಲೆ ತೆರುತ್ತಾರೆ. ಗೆದ್ದ ಮಕ್ಕಳ ಕಥೆ ಓದುವಾಗಲೆಲ್ಲ, ಅವರಿಗೆ ಒಬ್ಬ ಅಕ್ಕ ಇದ್ದಳೇ ಎಂದು ಕೇಳಿಕೊಳ್ಳುವುದು ಒಳ್ಳೆಯ ಅಭ್ಯಾಸ.

ಆರಿಸಲ್ಪಟ್ಟ ಮಗುವಿಗೂ ಅದು ಪುಕ್ಕಟೆ ಸಿಗುವುದಿಲ್ಲ. ಮೇರಿಯ ಪದ್ಯ ಬಾಸ್ಟನ್ನಿನ ಪತ್ರಿಕೆಯಲ್ಲಿ ಅಚ್ಚಾದಾಗ ಅಪ್ಪ ಪ್ರತಿಗಳನ್ನು ಕೊಂಡು ತಂದು ನೆಂಟರಿಷ್ಟರಿಗೆಲ್ಲ ಹಂಚಿದರು. ಅದೇ ಮನೆಯಲ್ಲಿ ಬಾಡಿಗೆ ಮುಟ್ಟಿಸುವ ಕೆಲಸವೂ ಮೇರಿಯದೇ ಆಗಿತ್ತು. ಒಮ್ಮೆ ಬಾಡಿಗೆಗೆ ಹಣವಿರಲಿಲ್ಲ. ಕಾಯಿಲೆಯಾಗಿ ಮಲಗಿದ್ದ ಮನೆಯೊಡತಿಯ ಎದುರು ನಿಂತು ಅದನ್ನು ಹೇಳಬೇಕಾಯಿತು. ಆ ಹೆಂಗಸು ಬೈದದ್ದು ಬಾಡಿಗೆಗಾಗಿ ಮಾತ್ರವಲ್ಲ. ಬಾಡಿಗೆಗೆ ಗತಿಯಿಲ್ಲದ ಮನೆಯ ಇಷ್ಟು ದೊಡ್ಡ ಹುಡುಗಿ ದುಡಿಯುವುದು ಬಿಟ್ಟು ಲ್ಯಾಟಿನ್ ಶಾಲೆಗೆ ಹೋಗುತ್ತಾಳಂತೆ, ಕಾಲೇಜಿನ ಕನಸು ಬೇರೆ ಎಂದು. ಮೇರಿ ಆಗ ಓದುತ್ತಿದ್ದದ್ದು ಬಾಸ್ಟನ್ನಿನ ಹೆಸರಾಂತ ಹೆಣ್ಣುಮಕ್ಕಳ ಲ್ಯಾಟಿನ್ ಶಾಲೆಯಲ್ಲಿ. ಶಾಲೆಯಲ್ಲಿ ಮೇಡಂಗಳ ಕಣ್ಮಣಿ, ಬಾಡಿಗೆ ಕೊಡುವ ದಿನ ಮನೆಯ ಸಾಲಕ್ಕೆ ಉತ್ತರ ಹೇಳಬೇಕಾದವಳು. ಅಪ್ಪನ ಮೇಲೆ ಬೀಳಬೇಕಾಗಿದ್ದ ಮಾತನ್ನು ಮಗಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಮಕ್ಕಳು ಹೀಗೆ ಮಾತು ಮುಟ್ಟಿಸುವ ಕೆಲಸ ಮಾಡುವಾಗ ಮಾತಿನ ಜೊತೆ ಬರುವ ಅವಮಾನವೂ ಮೊದಲು ಅವರನ್ನೇ ತಟ್ಟುತ್ತದೆ. ಎಷ್ಟೋ ಸಲ ಅದನ್ನು ಅವರು ಮನೆಯವರೆಗೆ ತರುವುದೇ ಇಲ್ಲ.

ಕಾದಂಬರಿಕಾರ ವಿಯೆಟ್ ಥಾನ್ ನುಯೆನ್ ಅವರ ಬಾಲ್ಯದಲ್ಲೂ ಇಂಥದೊಂದಿದೆ. 1975ರಲ್ಲಿ ವಿಯೆಟ್ನಾಂನಿಂದ ಓಡಿಬಂದ ಅವರ ಕುಟುಂಬ ಪೆನ್ಸಿಲ್ವೇನಿಯಾದ ಸೈನಿಕ ನೆಲೆಯೊಂದರ ನಿರಾಶ್ರಿತರ ಶಿಬಿರ ಸೇರಿತು. ಶಿಬಿರದಿಂದ ಹೊರಬರಬೇಕಾದರೆ ಯಾರಾದರೂ ಅಮೆರಿಕನ್ನರು ಹೊಣೆ ಹೊರಬೇಕು. ಇಡೀ ಕುಟುಂಬಕ್ಕೆ ಹೊಣೆಯಾಗುವವರು ಸಿಗದೆ ತಂದೆ-ತಾಯಿ ಒಂದು ಕಡೆ, 10 ವರ್ಷದ ಅಣ್ಣ ಇನ್ನೊಂದು ಕಡೆ, ನಾಲ್ಕು ವರ್ಷದ ವಿಯೆಟ್ ಮತ್ತೊಂದು ಕಡೆ ಹೋದರು. ಕುಟುಂಬ ಮತ್ತೆ ಒಂದಾಗಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂದ ಮೇಲೆ ತಂದೆ-ತಾಯಿ ದಿನಸಿ ಅಂಗಡಿ ತೆರೆದರು. ಅದೇ ರಸ್ತೆಯ ಇನ್ನೊಂದು ಅಂಗಡಿಯ ಕಿಟಕಿಯಲ್ಲಿ, ವಿಯೆಟ್ನಾಮಿಗಳಿಂದಾಗಿ ಇನ್ನೊಬ್ಬ ಅಮೆರಿಕನ್ನನ ವ್ಯಾಪಾರ ಮುಳುಗಿತು ಎಂಬ ಅರ್ಥದ ಫಲಕವಿತ್ತು. ಚಿಕ್ಕ ಹುಡುಗ ಅದನ್ನು ಓದಿದ. ಅದು ತನ್ನ ಅಪ್ಪ-ಅಮ್ಮನಂಥವರ ಬಗ್ಗೆ ಎಂದು ಅರ್ಥವಾಯಿತು. ಒಂದು ಕ್ರಿಸ್‌ಮಸ್ ಮುನ್ನಾ ದಿನ ಅದೇ ಅಂಗಡಿಯಲ್ಲಿ ದರೋಡೆಗೆ ಬಂದವರ ಗುಂಡು ತಂದೆ-ತಾಯಿಗೆ ತಗುಲಿತು. ಇಬ್ಬರೂ ಬದುಕಿಕೊಂಡರು, ಬೇಗನೇ ಮತ್ತೆ ಅಂಗಡಿ ತೆರೆದರು. ಹುಡುಗನಿಗೆ ಆ ಮನೆಯಲ್ಲಿ ವಹಿಸಿದ್ದ ಕೆಲಸ ಓದು. 2016ರಲ್ಲಿ ಅವರ 'ದಿ ಸಿಂಪಥೈಸರ್' ಕಾದಂಬರಿಗೆ ಪುಲಿಟ್ಜರ್ ಬಂತು. ಆದರೆ ಆ ಕಿಟಕಿಯ ಫಲಕದ ಬಗ್ಗೆ ಅವರು ಇಂದಿಗೂ ಬರೆಯುತ್ತಾರೆ, ಮಾತಾಡುತ್ತಾರೆ. ಮನೆಯಲ್ಲಿ ಯಾರೂ ಆಡದ ಮಾತನ್ನು ನೆನಪಿಟ್ಟುಕೊಳ್ಳುವ ಕೆಲಸವೂ ಆ ಮಗುವಿಗೇ ಬಂತು.

ಕನ್ನಡದವರಿಗೆ ಹತ್ತಿರದ ಉದಾಹರಣೆ ವಿವೇಕ್ ಮೂರ್ತಿ ಅವರದು. ಮಂಡ್ಯ ಜಿಲ್ಲೆಯ ಹಲ್ಲೆಗೆರೆಯ ರೈತ ಮನೆತನದ ಕುಡಿ. ಹುಟ್ಟಿದ್ದು 1977ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ. ಮೂರು ವರ್ಷದ ಮಗುವಾಗಿದ್ದಾಗ ಕುಟುಂಬ ಮಯಾಮಿಗೆ ಬಂತು. ಅಪ್ಪ ವೈದ್ಯರು, ಅಮ್ಮ ಕ್ಲಿನಿಕ್ಕಿನ ಆಡಳಿತ ನೋಡಿಕೊಳ್ಳುತ್ತಿದ್ದರು. ಇಲ್ಲಿ ಇಂಗ್ಲಿಷಿನ ತೊಡಕಿಲ್ಲ. ಆದರೂ ಮಕ್ಕಳ ಬಿಡುವಿನ ಹೊತ್ತು ಕ್ಲಿನಿಕ್ಕಿನಲ್ಲೇ ಕಳೆಯಿತು, ಕಡತ ಜೋಡಿಸುತ್ತಾ, ನೆಲ ಗುಡಿಸುತ್ತಾ. ಏಳು ವರ್ಷದವರಿದ್ದಾಗ ನಡೆದ ಒಂದು ರಾತ್ರಿಯನ್ನು ಮೂರ್ತಿ ಹಲವು ಕಡೆ ಹೇಳಿದ್ದಾರೆ. ನಡುರಾತ್ರಿಯಲ್ಲಿ ಅಮ್ಮ ಮಕ್ಕಳನ್ನು ಎಬ್ಬಿಸಿ ಕಾರು ಹತ್ತಿಸಿದರು. ಕ್ಯಾನ್ಸರಿನಿಂದ ಬಳಲುತ್ತಿದ್ದ ರೋಗಿಯೊಬ್ಬರು ತೀರಿಕೊಂಡಿದ್ದರು. ಅವರ ಹೆಂಡತಿ ಒಬ್ಬರೇ ಇರುತ್ತಾರೆಂದು ಮನೆಮಂದಿಯೆಲ್ಲ ಅಲ್ಲಿಗೆ ಹೋದರು. ಸೀರೆಯುಟ್ಟ ಅಮ್ಮ ಆ ಹೆಂಗಸನ್ನು ತಬ್ಬಿಕೊಂಡು ಸಮಾಧಾನ ಮಾಡಿದ್ದನ್ನು ಹುಡುಗ ನೋಡಿದ. ಮುಂದೆ ಮೂರ್ತಿ 2014ರಲ್ಲಿ, ಮತ್ತೆ 2021ರಲ್ಲಿ ಅಮೆರಿಕದ ಸರ್ಜನ್ ಜನರಲ್ ಆದರು. ಒಂಟಿತನವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂದು ಎತ್ತಿ ಹೇಳುವ ಸಲಹಾಪತ್ರವನ್ನು 2023ರಲ್ಲಿ ಹೊರಡಿಸಿದವರು ಅವರೇ.

ಅಮೆರಿಕದ 1965ರ ವಲಸೆ ಕಾಯ್ದೆಯ ನಂತರ ಅಲ್ಲಿಗೆ ಹೋದ ಕರ್ನಾಟಕದ ವೈದ್ಯರು, ಎಂಜಿನಿಯರುಗಳ ಮನೆಗಳಲ್ಲಿ ಮಕ್ಕಳು ಅಂಗಡಿಯ ಫೋನೆತ್ತಬೇಕಾಗಿರಲಿಲ್ಲ. ಅವರ ಮೇಲೆ ಬಿದ್ದದ್ದು ಬೇರೆ ಭಾರ. ಇಷ್ಟು ದೂರ ಬಂದದ್ದು ನಿಮಗೋಸ್ಕರ ಎಂಬ ಮಾತು. ಅದನ್ನು ತೂಗುವ ತಕ್ಕಡಿ ಇಲ್ಲ. ಕ್ಯಾಮೆರಾ ರಿಪೇರಿಯ ಅಪ್ಪನ ಮಗಳಿಗೂ, ಡಾಕ್ಟರ ಮಗನಿಗೂ ಸಮಾನವಾಗಿದ್ದ ಮಾತೆಂದರೆ ಬಹುಶಃ ಇದೊಂದೇ.

ದೂರದ ದೇಶಗಳೇ ಬೇಕಾಗಿಲ್ಲ. ನಮ್ಮ ಬೈಲುಕುಪ್ಪೆಯೂ ಇಂಥ ಮಕ್ಕಳನ್ನು ಕಂಡ ಊರು. 1959ರ ನಂತರ ಭಾರತಕ್ಕೆ ಬಂದ ಟಿಬೆಟನ್ನರಿಗೆ ಆಗಿನ ಮೈಸೂರು ರಾಜ್ಯ ಪಿರಿಯಾಪಟ್ಟಣದ ಬಳಿ ಸುಮಾರು ಮೂರು ಸಾವಿರ ಎಕರೆ ಜಾಗ ಕೊಟ್ಟಿತು. ಅವರು ಕಾಡು ಕಡಿದು, ಆನೆ ಕಾಟ ತಡೆದುಕೊಂಡು ಮುಸುಕಿನ ಜೋಳ ಬೆಳೆದರು. 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆಯ ಮೊದಲ ಕೆಲಸವೇ ಟಿಬೆಟನ್ನರ ಪುನರ್ವಸತಿ. ಕುಶಾಲನಗರದ ಪೇಟೆಯಲ್ಲಿ ಇಂದು ಕನ್ನಡದಲ್ಲಿ ಚೌಕಾಸಿ ಮಾಡುವ ಟಿಬೆಟನ್ ತರುಣರು ಸಿಗುತ್ತಾರೆ. ಅವರ ಅಜ್ಜ-ಅಜ್ಜಿಗೆ ಆ ಭಾಷೆ ಹತ್ತಿಸಿಕೊಳ್ಳುವಷ್ಟು ಬಿಡುವು ಕಾಡು ಕಡಿಯುವ ದಿನಗಳಲ್ಲಿ ಎಲ್ಲಿತ್ತು?

ಮಾರ್ಜರಿ ಫಾಲ್‌ಸ್ಟಿಕ್ ಒರೆಲಾನಾ ಎಂಬ ಸಂಶೋಧಕಿ ಲಾಸ್ ಏಂಜಲೀಸ್ ಮತ್ತು ಶಿಕಾಗೋದ ಇಂಥ ಮಕ್ಕಳ ಜೊತೆ ವರ್ಷಗಟ್ಟಲೆ ಒಡನಾಡಿ 2009ರಲ್ಲಿ ಒಂದು ಪುಸ್ತಕ ಬರೆದರು. ಅವರ ಗಮನಕ್ಕೆ ಬಂದದ್ದು ಸರಳ ಸಂಗತಿ. ಬ್ಯಾಂಕಿನ ಪತ್ರ ಓದುವುದು, ಫೋನೆತ್ತುವುದು, ತಮ್ಮ ಬಗ್ಗೆಯೇ ಮೇಷ್ಟ್ರು ಹೇಳಿದ್ದನ್ನು ಅಮ್ಮನಿಗೆ ತಿಳಿಸುವುದು ಇವೆಲ್ಲ ಆ ಮಕ್ಕಳಿಗೆ ಒಂದು ಕೆಲಸವೆಂದೇ ತೋರುವುದಿಲ್ಲ. ಮನೆಯಲ್ಲಿ ಪಾತ್ರೆ ತೊಳೆದಷ್ಟೇ ಸಹಜವಾದ ನೆರವು. ಎಲ್ಲವೂ ನೋವಿನದಲ್ಲ, ಎಷ್ಟೋ ಮಕ್ಕಳಿಗೆ ಅದರಲ್ಲಿ ಹೆಮ್ಮೆಯಿದೆ. ಆ ಹೆಮ್ಮೆಯನ್ನು ಯಾರೂ ಕಿತ್ತುಕೊಳ್ಳಬೇಕಾಗಿಲ್ಲ. ಆದರೆ ಮನೆಗೆ ಮಾಡುವ ನೆರವು ಬೇರೆ, ಆಸ್ಪತ್ರೆಗೆ ಮಾಡುವ ಬಿಟ್ಟಿ ಚಾಕರಿ ಬೇರೆ. ಮೊದಲನೆಯದು ಕುಟುಂಬದ ಸಂಗತಿ. ಎರಡನೆಯದು ಸಂಬಳ ಕೊಟ್ಟು ಜನರನ್ನಿಡಬೇಕಾದ ಸಂಸ್ಥೆಗಳು ಮಕ್ಕಳ ಹೆಗಲಿಗೆ ದಾಟಿಸಿದ ಕೆಲಸ.

ಇದರ ಅಪಾಯ ಎಂಥದೆಂದು ಗ್ಲೆನ್ ಫ್ಲೋರೆಸ್ ಮತ್ತು ಜೊತೆಗಾರರು 2003ರಲ್ಲಿ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ತೋರಿಸಿದರು. ಸ್ಪ್ಯಾನಿಷ್ ಮಾತಾಡುವ ಕುಟುಂಬಗಳ 13 ವೈದ್ಯಕೀಯ ಭೇಟಿಗಳನ್ನು ಧ್ವನಿಮುದ್ರಿಸಿ, ದುಭಾಷಿಗಳ ಮಾತನ್ನು ಸಾಲುಸಾಲಾಗಿ ಪರಿಶೀಲಿಸಿದರು. ಒಟ್ಟು 396 ತಪ್ಪುಗಳು, ಅಂದರೆ ಒಂದೊಂದು ಭೇಟಿಗೆ ಸರಾಸರಿ 31. ಆಸ್ಪತ್ರೆಯೇ ನೇಮಿಸಿದ ದುಭಾಷಿಗಳ ತಪ್ಪುಗಳಲ್ಲಿ ಚಿಕಿತ್ಸೆಯ ಮೇಲೆ ಪರಿಣಾಮ ಬೀರಬಹುದಾದವು ಶೇ 53. ಕೈಗೆ ಸಿಕ್ಕವರನ್ನು ನಿಲ್ಲಿಸಿ ಮಾತಾಡಿಸಿದಾಗ ಶೇ 77. ಹಾಗೆ ಕೈಗೆ ಸಿಕ್ಕವರಲ್ಲಿ ದಾದಿಯರಿದ್ದರು, ಸಮಾಜ ಕಾರ್ಯಕರ್ತರಿದ್ದರು, ರೋಗಿಯ ಒಡಹುಟ್ಟಾದ 11 ವರ್ಷದ ಒಂದು ಮಗುವೂ ಇತ್ತು. ಔಷಧಿಯ ಪ್ರಮಾಣ, ದಿನಕ್ಕೆ ಎಷ್ಟು ಸಲ, ಯಾವುದಕ್ಕೆ ಒಗ್ಗುವುದಿಲ್ಲ, ಇಂಥ ಪ್ರಶ್ನೆಗಳು ಬರುವ ಕೋಣೆಯಲ್ಲಿ 11 ವರ್ಷದ ಮಗು.

2016ರಲ್ಲಿ ಅಮೆರಿಕದ ಆರೋಗ್ಯ ಇಲಾಖೆ ಹೊರಡಿಸಿದ ನಿಯಮ, ತುರ್ತು ಸಂದರ್ಭ ಬಿಟ್ಟರೆ ಅಪ್ರಾಪ್ತ ಮಕ್ಕಳನ್ನು ದುಭಾಷಿಗಳನ್ನಾಗಿ ಬಳಸಬಾರದೆಂದು ಸ್ಪಷ್ಟವಾಗಿ ಹೇಳಿತು. ಲೀ ಅವರ ಅಮ್ಮ ಮೊದಲು ಆಸ್ಪತ್ರೆ ಹತ್ತಿ ಇಳಿದ ಕಾಲಕ್ಕೆ ಇಷ್ಟು ಖಚಿತವಾದ ಮಾತು ಕಾನೂನಿನಲ್ಲಿರಲಿಲ್ಲ. ಒಟ್ಟಾರೆ ಸರ್ಕಾರಿ ಕಚೇರಿಗಳಿಗೆ ಸಂಬಂಧಿಸಿ 2000ನೇ ಇಸವಿಯಲ್ಲಿ ಅಧ್ಯಕ್ಷ ಕ್ಲಿಂಟನ್ ಒಂದು ಆದೇಶ ಹೊರಡಿಸಿದ್ದರು. ಇಂಗ್ಲಿಷ್ ಚೆನ್ನಾಗಿ ಬಾರದವರಿಗೂ ಸೇವೆ ಮುಟ್ಟುವಂತೆ ಇಲಾಖೆಗಳು ವ್ಯವಸ್ಥೆ ಮಾಡಬೇಕೆಂಬುದು ಅದರ ಸಾರ. 2025ರ ಮಾರ್ಚ್ 1ರಂದು ಇಂಗ್ಲಿಷನ್ನು ಅಧಿಕೃತ ಭಾಷೆಯೆಂದು ಸಾರಿದ ಹೊಸ ಆದೇಶ ಅದನ್ನು ಹಿಂತೆಗೆದುಕೊಂಡಿತು. ಕಚೇರಿ ತನ್ನ ಹೊಣೆಯಿಂದ ಎಷ್ಟು ಹಿಂದೆ ಸರಿಯುತ್ತದೋ ಅಷ್ಟು ಕೆಲಸ ಯಾವುದೋ ಮನೆಯ ಮಗುವಿನ ಸಂಜೆಗೆ ಬಂದು ಸೇರುತ್ತದೆ.

ಅಮೆರಿಕದ ಜನಗಣತಿ ಇಲಾಖೆಯ ಲೆಕ್ಕಾಚಾರದಲ್ಲೂ ಈ ಮಗು ಇದೆ, ಹೆಸರಿಲ್ಲದೆ. ಯಾವ ಮನೆಗಳಿಗೆ ಇಂಗ್ಲಿಷ್ ದಕ್ಕಿಲ್ಲ ಎಂದು ಇಲಾಖೆ ಪಟ್ಟಿ ಮಾಡುತ್ತದೆ. ಅದಕ್ಕೊಂದು ಅಳತೆಗೋಲಿದೆ. 14 ಅಥವಾ ಅದಕ್ಕಿಂತ ಹೆಚ್ಚು ವಯಸ್ಸಿನ ಒಬ್ಬರಿಗೂ ಇಂಗ್ಲಿಷ್ ಬಹಳ ಚೆನ್ನಾಗಿ ಬಾರದಿದ್ದರೆ ಆ ಮನೆ ಪಟ್ಟಿಯೊಳಗೆ. ಒಬ್ಬರಿಗೆ ಬಂದರೂ ಪಟ್ಟಿಯ ಹೊರಗೆ. ಮನೆಯಲ್ಲಿ ಶಾಲೆಗೆ ಹೋಗುವ 13ರ ಹುಡುಗಿಯೊಬ್ಬಳಿಗೆ ಮಾತ್ರ ಇಂಗ್ಲಿಷ್ ಬರುತ್ತದೆ ಎಂದುಕೊಳ್ಳಿ. ಅವಳಿಗೆ 14 ತುಂಬಿದ ದಿನವೇ, ಅಪ್ಪ-ಅಮ್ಮ ಒಂದು ಹೊಸ ಮಾತೂ ಕಲಿಯದಿದ್ದರೂ, ಆ ಮನೆ ನೆರವು ಬೇಕಾದವರ ಲೆಕ್ಕದಿಂದ ಹೊರಬೀಳುತ್ತದೆ. ಮನೆಯ ಕಾಗದಪತ್ರ, ಆಸ್ಪತ್ರೆಯ ಚೀಟಿ, ಬಾಡಿಗೆಯ ತಕರಾರು ಎಲ್ಲವನ್ನೂ ಅವಳು ನೋಡಿಕೊಳ್ಳುತ್ತಾಳೆಂದು ಸರ್ಕಾರ ಮೊದಲೇ ಬರೆದುಕೊಂಡಿರುತ್ತದೆ.